ಆಡದ ಮಾತಿನ ಹೊಣೆ

ಲಿಂಗಸೂಗೂರಿನಿಂದ ಹೊರಟ ಸರ್ವಿಸ್ ಮೋಟಾರು ಊರ ಹೊರಗಿನ ಹಳೆಯ ದಂಡಿನ ಬಂಗಲೆಗಳನ್ನು ದಾಟುವ ಹೊತ್ತಿಗೂ ವಿರೂಪಾಕ್ಷಪ್ಪನಿಗೆ ಆ ಒಂದು ಶಬ್ದ ತೀರ್ಮಾನವಾಗಿರಲಿಲ್ಲ. ಸಿಂಧನೂರಿಗೆ ದೌರೆಯ ಮೇಲೆ ಬಂದಿದ್ದ ತಾಲ್ಲೂಕ್‌ದಾರ ಸಾಹೇಬರ ಮುಂದೆ ನಿಂತಾಗ ತನ್ನನ್ನು ‘ನಾಚೀಜ್’ ಎಂದುಕೊಳ್ಳಬೇಕೋ, ‘ಖಾಕ್‌ಸಾರ್’ ಎಂದುಕೊಳ್ಳಬೇಕೋ? ಒಂದರಲ್ಲಿ ತಾನು ಏನೂ ಅಲ್ಲದವನು, ಇನ್ನೊಂದರಲ್ಲಿ ಮಣ್ಣು. ಇಡೀ ಜಿಲ್ಲೆಯನ್ನು ಆಳುವ ಆ ಮನುಷ್ಯ ಒಮ್ಮೆ ತಲೆಯಾಡಿಸಿದರೆ ರಾಯಚೂರಿನಲ್ಲಿ ಖಾಲಿಯಿದ್ದ ಸರ್ಕಾರಿ ವಕೀಲರ ಜಾಗ ಅವನದಾಗುತ್ತಿತ್ತು. ಹೊಳೆಯಾಚೆ, ಬಳ್ಳಾರಿ ಸೀಮೆಯಲ್ಲಿ, ಆಗಸ್ಟಿನಲ್ಲಿ ಸ್ವಾತಂತ್ರ್ಯ ಬಂತೆಂದು ಜನ ಬಾವುಟ ಹಾರಿಸಿ ಸಕ್ಕರೆ ಹಂಚಿದ್ದರಂತೆ. ಹೊಳೆಯೀಚೆಯ, ಹೈದರಾಬಾದಿನ ಹುಜೂರರ ರಾಜ್ಯ ಯಾರೊಂದಿಗೂ ಸೇರುವುದಿಲ್ಲವೆಂದು ಫರ್ಮಾನು ಬಂದಿತ್ತು. ಅಂದಿನಿಂದ ಲಿಂಗಸೂಗೂರಿನ ವಕೀಲರ ಕೋಣೆಯಲ್ಲಿ ಒಬ್ಬರು ಉರ್ದು ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು, ಉಳಿದವರು ಚಹಾ ಕುಡಿಯುತ್ತಿದ್ದರು, ಆಮೇಲೆ ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು. ಸಂಜೆ ಮೈದಾನದಲ್ಲಿ ಖಾಕಿ ತೊಟ್ಟ ರಜಾಕಾರ ಹುಡುಗರು ಕವಾಯತು ಮಾಡುವಾಗ ಅಂಗಡಿಗಳ ಬಾಗಿಲುಗಳು ಅರ್ಧ ಮುಚ್ಚಿರುತ್ತಿದ್ದವು. ಸರ್ಕಾರ ಯಾವುದಿದ್ದರೂ ಅದಕ್ಕೊಬ್ಬ ವಕೀಲ ಬೇಕಲ್ಲ ಎಂದು ಆವತ್ತು ಬೆಳಿಗ್ಗೆ ಅವನು ಹೆಂಡತಿ ಆದಮ್ಮನಿಗೆ ಹೇಳಿದ್ದ. ಅವಳು ಅವನ ಶೇರ್ವಾನಿಯ ಬೆನ್ನನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಲೇ ಇದ್ದಳು. ಅಲ್ಲೇನೂ ಕಲೆ ಇರಲಿಲ್ಲ.

ಮಸ್ಕಿಯ ಗುಡ್ಡ ಎಡಕ್ಕೆ ಕಾಣಿಸಿತು. ಕಾಣಿಸಿದ ಕೂಡಲೇ ಅವನು ಮುಖವನ್ನು ಬಲಕ್ಕೆ ತಿರುಗಿಸಿ ಎರೆಹೊಲಗಳನ್ನು ನೋಡತೊಡಗಿದ. ಎಷ್ಟೋ ವರ್ಷಗಳಿಂದ ಹೀಗೆಯೇ. ಆ ಕಡೆ ನೋಡಿದರೆ ಗುಡ್ಡದ ಬಂಡೆಯ ಮೇಲೆ ಇನ್ನೂ ಮೂವರು ಕೂತಿದ್ದಾರೆ ಅನ್ನಿಸುತ್ತದೆ. ಊರಲ್ಲಿ ಯಾರೂ ಓದಲಾಗದ ಹಳೆಯ ಅಕ್ಷರಗಳನ್ನು ಕೆತ್ತಿದ ಬಂಡೆಯ ಪಕ್ಕದಲ್ಲಿ ಹರೆಯದ ತಾನು, ಮುದುಕಪ್ಪ, ಉಸ್ಮಾನ್. ಹುಟ್ಟುವಾಗಲೇ ಮುದುಕನಾಗಿದ್ದೆಯೇನೋ ಎಂದು ಮುದುಕಪ್ಪನನ್ನು ಕಾಡುವುದು, ಅವನು ನಗುವುದು. ಮಸ್ಕಿಯಲ್ಲೊಂದು ಕನ್ನಡ ವಾಚನಾಲಯ ತೆಗೆಯಬೇಕೆಂದು ಆಗ ಮೂವರಿಗೂ ಹುಚ್ಚು. ತೆಗೆದ ದಿನ ವಿರೂಪಾಕ್ಷಪ್ಪ ಭಾಷಣ ಮಾಡಿದ್ದ. ಏನು ಹೇಳಿದನೆಂದು ಈಗ ಒಂದು ವಾಕ್ಯವೂ ನೆನಪಿಲ್ಲ. ಆದರೆ ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕಪ್ಪ ಅಳುತ್ತಿದ್ದದ್ದು, ಅಳುತ್ತಲೇ ಅಂಗಿಯ ತುದಿಯಿಂದ ಮೂಗು ಒರೆಸಿಕೊಂಡದ್ದು, ಅದನ್ನು ನೋಡಿ ತನ್ನ ದನಿ ಇನ್ನಷ್ಟು ಏರಿದ್ದು ನೆನಪಿದೆ. ಸರ್ಕಾರದ ಅಪ್ಪಣೆಯಿಲ್ಲದೆ ಸಭೆ ಮಾಡಿದರೆಂದು ಪೊಲೀಸ್ ಅಮೀನ ಬಂದು ಬೀಗ ಹಾಕಿಸಿದ. ಮರುವರ್ಷ ವಿರೂಪಾಕ್ಷಪ್ಪ ವಕಾಲತ್ತು ಓದಲು ಹೈದರಾಬಾದಿಗೆ ಹೋದ. ಉಸ್ಮಾನ್ ಸಿಂಧನೂರಿನ ತಹಸೀಲಿನಲ್ಲಿ ಗುಮಾಸ್ತನಾದ. ಮುದುಕಪ್ಪ ಮಸ್ಕಿಯ ಬಜಾರದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಅಂಗಿ ಹೊಲಿಯುತ್ತ ಕೂತ. ಅದೇ ಮುದುಕಪ್ಪ ಕೆಲವು ವಾರಗಳ ಹಿಂದೆ ತಾನೇ ಹೊಲಿದ ಬಾವುಟ ಹಿಡಿದು ಸಿಂಧನೂರಿನ ಸಂತೆಯಲ್ಲಿ ಜೈಕಾರ ಹಾಕಿ ಹವಾಲಾತಿನಲ್ಲಿ ಬಂಧಿಯಾಗಿದ್ದಾನೆ. ಪೊಲೀಸರು ಬೆತ್ತ ಬೀಸಿದಾಗ ಜೊತೆಯವರೆಲ್ಲ ಓಡಿದರಂತೆ, ಅವನೊಬ್ಬನೇ ಕದಲದೆ ನಿಂತನಂತೆ. ಈ ಸುದ್ದಿ ಕೇಳಿದ ರಾತ್ರಿ ವಿರೂಪಾಕ್ಷಪ್ಪನಿಗೆ ಊಟ ಸೇರಿರಲಿಲ್ಲ. ತನ್ನೊಳಗೆ ಎದ್ದದ್ದು ಮರುಕವಲ್ಲ, ಮತ್ಸರವೆಂದು ತಿಳಿದು ಇನ್ನೂ ಕಸಿವಿಸಿಯಾಗಿತ್ತು.

ಮಸ್ಕಿಯಲ್ಲಿ ಮೋಟಾರು ನಿಂತಾಗ ಬುತ್ತಿಯ ಗಂಟು ಹಿಡಿದು ಹತ್ತಿದ ಹೆಂಗಸನ್ನು ಅವನು ಮೊದಲು ಗುರುತಿಸಲಿಲ್ಲ. ಅವಳೇ ಬಂದು ಪಕ್ಕದ ಸೀಟಿನ ತುದಿಯಲ್ಲಿ ಕೂತಳು. ಮುದುಕಪ್ಪನ ಹೆಂಡತಿ ಗ್ಯಾನಮ್ಮ.

“ವಕೀಲ್ರು ಸಿಂಧನೂರಿಗೆ ಹೊಂಟೀರೇನ್ರಿ? ಅವರನ್ನ ನೋಡಾಕ?”

“ಹೂಂ… ಅಲ್ಲಿ ಬ್ಯಾರೆ ಕೆಲಸನೂ ಐತಿ,” ಎಂದ. ಬೇರೆ ಕೆಲಸ ಮಾತ್ರ ಇದೆ ಎನ್ನಲು ಬಾಯಿ ಬರಲಿಲ್ಲ.

“ನೀವು ಹೋಗೋದು ಚಲೋ ಆತು. ನಿಮಗೊಂದು ಮಾತು ಹೇಳಬೇಕಂತ ಮಾಡಿದ್ದೆ.” ಅವಳು ದನಿ ತಗ್ಗಿಸಿದಳು. ಬಿಡಿಸಿಕೊಂಡು ಬನ್ನಿ ಎನ್ನುತ್ತಾಳೆಂದು ಅವನು ಆಗಲೇ ಉತ್ತರ ಹುಡುಕತೊಡಗಿದ್ದ. “ಮಾಫಿ ಬರಕೊಟ್ರ ಬಿಡತೀವಿ ಅಂತ ಅವರಿಗೆ ಗಂಟುಬಿದ್ದಾರಂತ. ಬರಕೊಡಬ್ಯಾಡ ಅಂತ ಹೇಳ್ರಿ.”

ಅವನು ಅವಳ ಮುಖ ನೋಡಿದ.

“ಹೌದ್ರಿ. ಅವರದು ಮೆತ್ತನ್ನ ಜೀವ. ನನ್ನ ಮಾತು ಮುಟ್ಟಂಗಿಲ್ಲ, ನಿಮ್ಮ ಮಾತು ಕೇಳತಾರ. ಇಷ್ಟು ದಿನ ಊರಾಗ ನಾ ಹುಚ್ಚನ ಹೆಂಡ್ತಿ ಅನಿಸಿಕೊಂಡೀನ್ರಿ. ಅಂಗಿ ಹೊಲಿಯೋದು ಬಿಟ್ಟು ಪೇಪರ್ ಓದಕೋತ ಕುಂದರತಿದ್ರು, ಮಂದಿ ನಗತಿದ್ರು. ಈಗ ಬಾವಿಗೆ ಹೋದ್ರ ಹೆಣಮಕ್ಳು ದಾರಿ ಬಿಡತಾರ. ನಮ್ಮಪ್ಪ ಮೊನ್ನಿ ಸಂತೆಕಲ್ಲೂರಿಂದ ನಡಕೊಂಡು ಬಂದು, ನಿನ್ನ ಗಂಡ ಗಂಡಸು ಅಂದ. ಮದುವಿ ಆದಾಗಿಂದ ಆ ಮನಷ್ಯಾ ಅವರ ಹೆಸರು ಸೈತ ತಗೊಂಡಿದ್ದಿಲ್ಲ.” ಅವಳು ಗಂಟಿನ ಮೇಲೆ ಕೈ ಇಟ್ಟುಕೊಂಡು ಹೊರಗೆ ನೋಡಿದಳು. “ನಾ ಹೆಂಗಾರ ಬದುಕತೀನ್ರಿ. ಅವರು ಮಾತ್ರ ತಲಿ ತಗ್ಗಿಸಿ ಬರಬಾರ್ದು.”

ನೋಡತೀನಿ ಎಂದ ವಿರೂಪಾಕ್ಷಪ್ಪ. ವಕೀಲನ ಬಾಯಿಯ ಮಾತು, ಕಕ್ಷಿದಾರರಿಗೆ ದಿನವೂ ಹೇಳುವ ಮಾತು. ಅವಳು ಅದನ್ನೇ ಭಾಷೆಯೆಂದು ತಿಳಿದು ಸಮಾಧಾನದಿಂದ ಸೀಟಿಗೆ ಒರಗಿದಳು. ಇವಳ ಪಕ್ಕ ಕೂತದ್ದನ್ನು ಯಾರಾದರೂ ನೋಡಿ ತಾಲ್ಲೂಕ್‌ದಾರರ ಕಿವಿಗೆ ಹಾಕಿದರೆ ಎಂಬ ಯೋಚನೆ ಬಂತು. ಬಂದದ್ದಕ್ಕೆ ನಾಚಿ ಅವನು ಇನ್ನಷ್ಟು ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟ.

ತಾಲ್ಲೂಕ್‌ದಾರರು ಇಳಿದಿದ್ದ ಬಂಗಲೆಯ ವರಾಂಡದಲ್ಲಿ ಕುರ್ಚಿಗಳಿದ್ದವು, ಆದರೆ ಕೂತುಕೊಳ್ಳಿರೆಂದು ಯಾರೂ ಹೇಳಲಿಲ್ಲ. ತುರ್ವಿಹಾಳದ ಇಬ್ಬರು ಸಾಹುಕಾರರು ಬಂದರು, ಸೀದಾ ಒಳಗೆ ಹೋದರು, ಬಾಯಲ್ಲಿ ಎಲೆ ಹಾಕಿಕೊಂಡು ಹೊರಬಂದರು. ಬಿಸಿಲು ಮೆಟ್ಟಿಲು ಹತ್ತಿ ಅವನ ಬೂಟಿನ ತುದಿಗೆ ಬಂತು. ಕುರ್ಚಿಯೊಂದರ ಬೆನ್ನ ಮೇಲೆ ಕೈಯೂರಿದ, ಜವಾನ ನೋಡಿದ, ಕೈ ತೆಗೆದ. ಹೈದರಾಬಾದಿನಲ್ಲಿ ಓದುವಾಗ ತಾನೊಂದು ದಿನ ಇಂಥ ಬಂಗಲೆಯ ಒಳಗಿನಿಂದ ಹೊರಬರುತ್ತೇನೆಂದು ಎಷ್ಟು ಸಲ ಅಂದುಕೊಂಡಿದ್ದ. ಒಳಗೆ ಏನು ಮಾಡುತ್ತೇನೆಂದು ಮಾತ್ರ ಯಾವತ್ತೂ ಯೋಚಿಸಿರಲಿಲ್ಲ. ಹೊರಬರುವುದಷ್ಟೇ ಕಣ್ಣಿಗೆ ಕಟ್ಟಿತ್ತು, ಜನ ಎದ್ದು ನಿಲ್ಲುವುದು. ಕೊನೆಗೆ ಕರೆ ಬಂದಾಗ ಬಾಯಿಂದ ಬಿದ್ದದ್ದು ‘ನಾಚೀಜ್’ ಎಂಬ ಶಬ್ದವೋ ಇನ್ನೊಂದೋ ಅವನಿಗೇ ತಿಳಿಯಲಿಲ್ಲ, ಯಾಕೆಂದರೆ ತಾಲ್ಲೂಕ್‌ದಾರರು ಕೇಳಿಸಿಕೊಳ್ಳುತ್ತಿರಲಿಲ್ಲ. ದಣಿದ ಮುಖದ, ಮೆಲುಮಾತಿನ ಮನುಷ್ಯ. ಹೆಸರು ಶಿಫಾರಸಿನಲ್ಲಿದೆ ಎಂದರು. ನಂತರ, ನೆನಪಾದವರಂತೆ, ಹವಾಲಾತಿನಲ್ಲಿರುವ ಆ ದರ್ಜಿ ನಿಮ್ಮ ಬಾಲ್ಯದ ಗೆಳೆಯನಂತಲ್ಲ ಎಂದರು. ಅವನನ್ನು ಜೈಲಿಗೆ ಕಳಿಸಲು ನನಗೆ ಇಷ್ಟವಿಲ್ಲ, ಜೈಲಿಗೆ ಹೋದವನು ದೊಡ್ಡವನಾಗುತ್ತಾನೆ. ಮಾಫಿ ಬರೆದುಕೊಟ್ಟು ಮನೆಗೆ ಹೋದವನನ್ನು ಯಾರೂ ನೆನೆಯುವುದಿಲ್ಲ. ನೀವು ನಾಲ್ಕು ಮಾತು ಹೇಳಿ ನೋಡಿ. ಇಂಥ ಕೆಲಸ ಮಾಡಬಲ್ಲವರೇ ಈಗ ಸರ್ಕಾರಕ್ಕೆ ಬೇಕು.

ವಿರೂಪಾಕ್ಷಪ್ಪ ಬಾಗಿ ಸಲಾಮು ಮಾಡಿ ಹೊರಬಂದ.

ಬಂಗಲೆಯಿಂದ ಹವಾಲಾತಿದ್ದ ತಹಸೀಲು ಕಚೇರಿಗೆ ಬಜಾರದ ನಡುವೆಯೇ ದಾರಿ. ಎತ್ತಿನ ಗಾಡಿಗಳು ಅಡ್ಡಡ್ಡ ನಿಂತಿದ್ದವು. ಅವುಗಳ ನಡುವೆ ಶೇರ್ವಾನಿ ತಾಕದಂತೆ ನಡೆಯುವಾಗ ಅವನಿಗೆ ಒಮ್ಮೆಲೇ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದ ಸಿಟ್ಟು. ಹೇಳುವುದಿಲ್ಲ, ಎಂದುಕೊಂಡ. ಹವಾಲಾತಿಗೆ ಹೋಗುತ್ತೇನೆ, ಮುದುಕಪ್ಪನಿಗೆ ಗಟ್ಟಿಯಾಗಿರು, ನಿನ್ನ ಹೆಂಡತಿ ಗಟ್ಟಿಯಾಗಿದ್ದಾಳೆ ಎನ್ನುತ್ತೇನೆ, ಖಟ್ಲೆ ನಡೆದರೆ ನಾನೇ ನಿನ್ನ ವಕೀಲನಾಗಿ ನಿಲ್ಲುತ್ತೇನೆ ಎನ್ನುತ್ತೇನೆ. ರಾಯಚೂರಿನ ಜಾಗ ಹೋದರೆ ಹೋಗಲಿ. ಹೀಗೆ ಅಂದುಕೊಂಡಾಗ ಎದೆ ಹಿಗ್ಗಿ ಹೆಜ್ಜೆ ದೊಡ್ಡದಾಯಿತು. ಕಚೇರಿಯ ಅಂಗಳ ಮುಟ್ಟುವ ತನಕ ಅವನು ವಾಚನಾಲಯದ ಮುಂದೆ ನಿಂತು ಮಾತಾಡಿದ್ದ ಆ ಹುಡುಗನೇ ಆಗಿದ್ದ. ಬೇವಿನ ಮರದ ಕೆಳಗೆ ಗ್ಯಾನಮ್ಮ ಕೂತಿದ್ದಳು. ಅವನು ಅವಳ ಕಡೆ ನೋಡಿ, ಹೆದರಬೇಡ ಎಂಬಂತೆ ತಲೆಯಾಡಿಸಿದ. ಅವಳು ಎದ್ದು ನಿಂತಳು.

ಗುಮಾಸ್ತಿಕೆಯಿಂದ ಪೇಶ್ಕಾರನ ಹುದ್ದೆಗೆ ಏರಿದ್ದ ಉಸ್ಮಾನ್‌ಸಾಬ್ ಕಾಗದಗಳಿಂದ ತಲೆಯೆತ್ತಿದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. “ಬಾರಪಾ, ಬಾ,” ಎಂದು ಎದ್ದು ಕೈ ಹಿಡಿದುಕೊಂಡ. “ಅವನನ್ನ ಹಿಂದಿನ ಖೋಲಿಗೆ ಕರಸತೀನಿ. ಜವಾನನ್ನ ಹೊರಗ ನಿಲ್ಲಸತೀನಿ. ಮೈಯಾಗ ಆರಾಮಿಲ್ಲ ಅವನಿಗೆ, ಕೆಮ್ಮು.” ಆಮೇಲೆ ಗೋಡೆಯ ಕಡೆ ನೋಡುತ್ತ, “ನನ್ನ ಮಗನೂ ಖಾಕಿ ಹಾಕ್ಯಾನ ವಿರೂಪಾಕ್ಷಿ. ಬ್ಯಾಡಂದೆ, ಕೇಳಲಿಲ್ಲ. ಮನ್ಯಾಗ ನನ್ನ ಮುಂದ ಕುಂತು ಉಣ್ಣೂದ ಬಿಟ್ಟಾನ,” ಎಂದ. ಇಬ್ಬರೂ ಒಂದು ಗಳಿಗೆ ಕೈ ಹಿಡಿದುಕೊಂಡೇ ನಿಂತಿದ್ದರು.

ಹಿಂದಿನ ಕೋಣೆಯಲ್ಲಿ ಕಾಗದ ಕಟ್ಟಿಟ್ಟ ಹಳೆಯ ಬಸ್ತನಿಗಳ ವಾಸನೆ. ಮುದುಕಪ್ಪ ಒಳಗೆ ಬಂದು, ಗೋಡೆಗೊರಗಿ ಕೂತು, ಮೊದಲು ಮಾಡಿದ್ದೇ ಗೆಳೆಯನ ಶೇರ್ವಾನಿಯನ್ನು ನೋಡಿದ್ದು.

“ಯಾವನಲೇ ಹೊಲದಾಂವ? ಕಾಲರ್ ಸರಿ ಕುಂತಿಲ್ಲ.”

ವಿರೂಪಾಕ್ಷಪ್ಪ ನಕ್ಕ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳು ನಾಲಗೆಯ ತುದಿಗೆ ಬಂದಿದ್ದವು. “ಮುದುಕಪ್ಪಾ, ನಾ ನಿನಗ ಒಂದು ಮಾತು—”

“ಮಾಫಿ ಹೆಂಗ ಬರೀತಾರೋ?” ಎಂದ ಮುದುಕಪ್ಪ. “ಉರ್ದೂದಾಗ ಬರೀಬೇಕಂತ. ನನಗೆಲ್ಲಿ ಬರತೈತಿ. ನೀ ಬರಕೊಡು. ನೀ ಬರದ್ರ ಚಂದ ಇರತೈತಿ.”

ಆಗ ವಿರೂಪಾಕ್ಷಪ್ಪನ ಎದೆಯೊಳಗೆ ಏನೋ ಥಟ್ಟನೆ ಹಗುರಾಯಿತು. ಬಹಳ ದಿನ ಹೊತ್ತದ್ದನ್ನು ಯಾರೋ ಇಳಿಸಿಕೊಂಡಂತೆ. ಸಂತೆಯ ನಡುವೆ ಒಬ್ಬನೇ ಕದಲದೆ ನಿಂತಿದ್ದ ಆ ಮನುಷ್ಯ, ಇಷ್ಟು ವಾರ ತನ್ನ ಅನ್ನದ ಮುಂದೆ ಬಂದು ಕೂರುತ್ತಿದ್ದವನು, ಇನ್ನಿಲ್ಲ. ಇವನೂ ನನ್ನ ಹಾಗೆಯೇ. ಸಂತೋಷವಾಗಿತ್ತು, ಅದು ಸಂತೋಷವೇ. ಬೇರೆ ಹೆಸರು ಕೊಡಲು ಆಗಲಿಲ್ಲ. ಅದು ಮುಖದ ಮೇಲೆ ಬಂದಿರಬಹುದೆಂದು ಹೆದರಿ ಅವನು ಬಗ್ಗಿ ಬೂಟಿನ ದಾರ ಸರಿಮಾಡಿಕೊಂಡ. ತಲೆಯೆತ್ತುವಷ್ಟರಲ್ಲಿ ಆ ಸಂತೋಷ ಹಿಂಗಿ, ಅದರ ಜಾಗದಲ್ಲಿ ಬರಿದಾದ, ಕುಡಿಯಲು ನೀರಿಲ್ಲದಂಥ ಒಂದು ಸಂಕಟ ಉಳಿದಿತ್ತು. ಇವನೂ ಇಲ್ಲದಿದ್ದರೆ ಇನ್ನು ಯಾರಿದ್ದಾರೆ?

“ನೀ ಅವತ್ತು ಓಡದ ನಿಂತಿಯಂತಲ್ಲೋ,” ಎಂದ. ಬೇಡಿಕೊಂಡಂತಿತ್ತು ದನಿ.

“ಮೊಣಕಾಲು ಹಿಡಕೊಂಡಿತ್ತೋ. ಮಷೀನ್ ತುಳಿದು ತುಳಿದು ಹೋಗೇತಲ್ಲ, ಇದು. ಓಡಬೇಕಂದೆ, ಕಾಲು ಏಳಲಿಲ್ಲ.” ಮುದುಕಪ್ಪ ಕೆಮ್ಮಿದ; ಕೆಮ್ಮು ನಿಲ್ಲುವವರೆಗೆ ಕೈಯೆತ್ತಿ ತಾಳು ಎಂದ. “ಹೊರಗ ಮಂದಿ ಏನೇನೋ ಅನ್ನಾಕತ್ತಾರಂತ. ಕೇಳಿದ್ರ ಅಂಜಿಕಿ ಆಗತೈತಿ. ನನಗ ಯಾರೂ ಹೊಡದಿಲ್ಲ, ಸುಳ್ಳು ಹೇಳಬಾರ್ದು. ಆದ್ರ ಉಚ್ಚಿಗೆ ಹೋಗಾಕೂ ಕೇಳಬೇಕು. ಕೇಳಿದ್ರ, ಆ ಜವಾನ ಬೀಡಿ ಮುಗಿಯೋ ತನಕ ನಗಕೋತ ನಿಲ್ಲತಾನ. ಒಂದಿನ ತಡಕೊಳ್ಳಾಕ ಆಗಲಿಲ್ಲ. ಅವತ್ತಿಂದ ನನಗ ನನ್ನ ಮನಿ ಬೇಕಾಗೇತಿ. ದೇಶ ಗೀಶ ಏನೂ ನೆಪ್ಪಾಗವಲ್ದು.”

ಉಸ್ಮಾನ್‌ಸಾಬ್ ಕಾಗದ, ಮಸಿಯ ದೌತಿ ತಂದಿಟ್ಟು, ಯಾರ ಮುಖವನ್ನೂ ನೋಡದೆ ಹೋದ. ವಿರೂಪಾಕ್ಷಪ್ಪ ಬರೆದ. ಇಂಥ ಅರ್ಜಿಗೆ ಸಿದ್ಧ ಮಾತುಗಳಿದ್ದವು, ಕೈ ತಾನಾಗಿ ಹೋಗುತ್ತಿತ್ತು. ಅಕ್ಷರ ಸುಂದರವಾಗಿಯೇ ಬಂತು.

“ಏನು ಬರದಿ? ಓದು.”

“ಮಂದಿ ಮಾತು ಕೇಳಿ ದಾರಿ ತಪ್ಪಿದ್ದೆ ಅಂತ ಬರದೀನಿ.”

ಮುದುಕಪ್ಪ ಮೆಲ್ಲಗೆ ನಕ್ಕ. “ಅದು ಖರೇನ ಐತಿ. ನಿನ್ನ ಮಾತು ಕೇಳಿನ. ಅವತ್ತು ವಾಚನಾಲಯದಾಗ ನೀ ಮಾತಾಡಿದ್ದು ಒಂದೂ ಮರತಿಲ್ಲ ನಾ. ಅಂಗಿ ಹೊಲಿಯುವಾಗ ಬಾಯಾಗ ಅದನ್ನ ಅನಕೊಂತ ಇರತಿದ್ದೆ.” ಅದರಲ್ಲಿ ದೂರಿರಲಿಲ್ಲ. ದೂರಿದ್ದರೆ ವಿರೂಪಾಕ್ಷಪ್ಪ ಏನಾದರೂ ಉತ್ತರ ಹೇಳಬಹುದಿತ್ತು. ಅಂದು ಏನು ಹೇಳಿದ್ದೆನೆಂದು ಕೇಳಬೇಕೆನ್ನಿಸಿತು. ಕೇಳಲು ಧೈರ್ಯ ಬರಲಿಲ್ಲ. ಮುದುಕಪ್ಪ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಕನ್ನಡದಲ್ಲಿ ಸಹಿ ಮಾಡಿದ. ಹೆಬ್ಬೆರಳಿನಿಂದ ಮಸಿ ಒರೆಸುತ್ತ, ಕಣ್ಣೆತ್ತದೆ, “ಇನ್ನೊಂದೈತಿ,” ಎಂದ.

“ಹೇಳು.”

“ಗ್ಯಾನಿ ಹೊರಗ ಕುಂತಾಳೇನು? ನಾನಾಗಿ ಕೇಳಿ ಬರಸಿದೆ ಅಂತ ಆಕಿಗೆ ಗೊತ್ತಾಗಬಾರ್ದು. ನೀ ಬಂದು ಹೇಳ್ದಿ, ಬಲವಂತ ಮಾಡಿದಿ, ಅದಕ್ಕ ನಾ ಬರಕೊಟ್ಟೆ, ಹಂಗನ್ನು.”

“ಮುದುಕಪ್ಪಾ! ಏನು ಮಾತಾಡತಿ? ಊರ ಮಂದಿ ನನ್ನ ಮುಖಕ್ಕ ಉಗೀತಾರಲೇ!”

“ಈಗೇನು ಪೂಜಿ ಮಾಡಾಕತ್ತಾರೇನು?” ಹೇಳಿದ ಮೇಲೆ ನೊಂದವನಂತೆ ಗೆಳೆಯನ ಮೊಣಕಾಲಿನ ಮೇಲೆ ಕೈಯಿಟ್ಟ. “ಸಿಟ್ಟಾಗಬ್ಯಾಡ. ನಿನಗ ಅದು ರೂಢಿ ಆಗೇತಿ ವಿರೂಪಾ. ನನಗ ಹೊಸದು, ತಡಕೊಳ್ಳಾಕ ಆಗಂಗಿಲ್ಲ. ಮಂದಿ ಹಾಳಾಗಿ ಹೋಗಲಿ, ಆಕಿ ಜೋಡಿ ನಾ ಇನ್ನೂ ಬಾಳೇ ಮಾಡಬೇಕಲ್ಲೋ. ಒಂದೇ ಮನ್ಯಾಗ.”

ಹೊರಗೆ ಜವಾನ ಯಾರ ಜೊತೆಗೋ ಜೋರಾಗಿ ನಗುತ್ತಿದ್ದ. ವಿರೂಪಾಕ್ಷಪ್ಪ ಎದ್ದು ನಿಂತ. ಉಸ್ಮಾನ್‌ಸಾಬ್ ಕಾಗದವನ್ನು ಬಂಗಲೆಗೆ ಕಳಿಸಿ ಬಿಡುಗಡೆಯ ಹುಕುಂ ತರಿಸಿದ. ಅಂಗಳಕ್ಕೆ ಇಳಿಯುವ ಮೆಟ್ಟಿಲ ಮೇಲೆ ನಿಂತಾಗಲೂ ತಾನು ಏನು ಹೇಳಲಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ಗ್ಯಾನಮ್ಮ ಅವನ ಹಿಂದೆ ಬಂದ ಗಂಡನನ್ನು ನೋಡಿದಳು, ಗಂಡನ ಕೈಗೆ ಬೇಡಿಯಿಲ್ಲದ್ದನ್ನು ನೋಡಿದಳು, ಜೊತೆಯಲ್ಲಿ ಜವಾನನಿಲ್ಲದ್ದನ್ನು ನೋಡಿದಳು. ಅವಳ ಮುಖದಲ್ಲಿ ಒಂದು ಕ್ಷಣ ಬರೀ ಹೆಂಡತಿಯ ಆಸೆ ಮೂಡಿ ಆರಿತು.

“ಬರಕೊಟ್ರೇನು?”

ಮುದುಕಪ್ಪ ನೆಲ ನೋಡಿದ.

“ನಾನ ಹೇಳ್ದೆ,” ಎಂದ ವಿರೂಪಾಕ್ಷಪ್ಪ. “ಅಂವ ಒಲ್ಲೆ ಅಂದ. ನಾನ ಗಂಟುಬಿದ್ದು ಬರಸಿದೆ.”

ಬೈಯುತ್ತಾಳೆಂದು ಕಾದ. ಅವಳು ಬೈಯಲಿಲ್ಲ. “ನಾ ಯಾರ ಹಂತೇಕೂ ಏನೂ ಕೇಳಿದಾಕಿ ಅಲ್ರಿ,” ಎಂದಳು. “ನನ್ನ ತವರು ಮನಿಯಾಗ ಸೈತ ಕೇಳಿಲ್ಲ. ನಿಮಗೊಬ್ಬರಿಗೆ ಕೇಳ್ದೆ.” ಅಷ್ಟರಲ್ಲಿ ಬಂಗಲೆಯಿಂದ ಬಂದ ಡವಾಲಿಯ ಜವಾನ ಅಂಗಳದಲ್ಲಿ ಎಲ್ಲರಿಗೂ ಕೇಳುವಂತೆ, ಸಾಹೇಬರು ಬಹಳ ಖುಷಿಯಾಗ್ಯಾರ, ರಾಯಚೂರಿಗೆ ಬಂದು ಕಾಣಬೇಕಂತ ವಕೀಲ್‌ಸಾಬ್, ಎಂದು ಸಲಾಮು ಹೊಡೆದ. ಬಾಗಿಲಲ್ಲಿ ನಿಂತಿದ್ದ ಉಸ್ಮಾನ್‌ಸಾಬ್ ಒಳಗೆ ಸರಿದ. ಗ್ಯಾನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಚೆ ತಿರುಗಿದಳು. ಎಲ್ಲವೂ ಕೂಡಿ ಬಂದಿತ್ತು. ಇನ್ನು ತಾನೇ ಬಾಯಿಬಿಟ್ಟು ಇಲ್ಲವೆಂದರೂ ನಂಬುವವರಿರಲಿಲ್ಲ.

ಸಂಜೆಯ ಮೋಟಾರಿನಲ್ಲಿ ಅವರಿಬ್ಬರೂ ಹಿಂದಿನ ಸೀಟಿನಲ್ಲಿ ಕೂತರು, ಅವನು ಮುಂದೆ. ಬೆನ್ನಿನ ಹಿಂದೆ ಗ್ಯಾನಮ್ಮನ ಸಣ್ಣ ದನಿ, ಕೆಮ್ಮು, ಆಮೇಲೆ ಬುತ್ತಿ ಬಿಚ್ಚಿದ ಸದ್ದು, ರೊಟ್ಟಿ ಮುರಿಯುವ ಸದ್ದು. ಅವನು ತಿರುಗಿ ನೋಡಲಿಲ್ಲ. ತನ್ನ ಜೀವಮಾನದಲ್ಲಿ ಇನ್ನೊಬ್ಬರಿಗಾಗಿ ಏನಾದರೂ ಕಳೆದುಕೊಂಡದ್ದಿದ್ದರೆ ಅದು ಇವತ್ತೇ, ಎಂದುಕೊಂಡ. ಆದರೆ ಕಳೆದುಕೊಂಡೆನೇ? ಜಾಗ ಸಿಕ್ಕಿತು. ಆದಮ್ಮ ಹಾಲು ಕಾಯಿಸಿ ಸಕ್ಕರೆ ಹಾಕಿ ಕೊಡುತ್ತಾಳೆ. ಮತ್ತೆ ಆ ಮಾತು ಪೂರ್ತಿ ಸುಳ್ಳೂ ಅಲ್ಲವಲ್ಲ. ಮುದುಕಪ್ಪ ಕಾಗದ ಕೇಳುವ ಮೊದಲು ತಾನು ಬಾಯಿ ತೆರೆದಿದ್ದ; ಹೇಳಲು ಹೊರಟಿದ್ದು ಗಟ್ಟಿಯಾಗಿರು ಎಂಬ ಮಾತೇ ಎಂದು ಈಗ ಯಾರು ಆಣೆ ಮಾಡಬಲ್ಲರು? ಬಜಾರದಲ್ಲಿ ಹಿಗ್ಗಿದ ಎದೆ ಆ ಕೋಣೆಯ ಬಾಗಿಲಲ್ಲಿ ಎಷ್ಟು ಉಳಿದಿತ್ತು? ಯೋಚಿಸಿದಷ್ಟೂ ಆ ಮಾತು ತಾನು ಹೇಳಿದ್ದೇ ಹೌದೆನ್ನಿಸತೊಡಗಿತು. ಕತ್ತಲಾಗುತ್ತಿದ್ದ ಎರೆಹೊಲಗಳ ಮೇಲೆ ಬಿತ್ತಿ ಮುಗಿಸಿದ ಜನ ಎತ್ತು ಹೊಡೆದುಕೊಂಡು ಮನೆಗೆ ಹೋಗುತ್ತಿದ್ದರು.

ಮಸ್ಕಿಯಲ್ಲಿ ಅವರು ಇಳಿದರು. ಎದುರುಗೊಳ್ಳಲು ಯಾರೂ ಬಂದಿರಲಿಲ್ಲ. ಸುದ್ದಿ ಆಗಲೇ ಮುಟ್ಟಿರಬೇಕು. ಚಹಾದ ಅಂಗಡಿಯ ಮುಂದೆ ಕೂತಿದ್ದವರು ಎದ್ದು ಒಳಗೆ ಹೋದರು. ಗ್ಯಾನಮ್ಮ ಗಂಟು ಎತ್ತಿಕೊಂಡು, ಗಂಡ ಬರುವನೋ ಇಲ್ಲವೋ ಎಂದೂ ನೋಡದೆ, ಮನೆಯ ದಾರಿ ಹಿಡಿದಳು. ಮುದುಕಪ್ಪ ಕುಂಟುತ್ತ ಮೋಟಾರಿನ ಪಕ್ಕಕ್ಕೆ ಬಂದ. ಕಿಟಕಿಯ ಸರಳಿನ ಮೇಲಿದ್ದ ವಿರೂಪಾಕ್ಷಪ್ಪನ ಬೆರಳುಗಳ ಮೇಲೆ ತನ್ನ ಕೈಯಿಟ್ಟು, ಬಿಗಿಯಾಗಿ, ನೋಯುವಷ್ಟು ಬಿಗಿಯಾಗಿ ಹಿಡಿದ. ಅವನ ಕಣ್ಣಲ್ಲಿ ನೀರಿತ್ತು. ನಂತರ ಮುಖ ಮೇಲೆತ್ತಿ, ದಾರಿಯುದ್ದಕ್ಕೂ ಕೇಳುವಂತೆ ಕೂಗಿ ಹೇಳಿದ:

“ಇನ್ನ ಮ್ಯಾಲೆ ನಮ್ಮ ಮನಿ ಕಡೆ ಕಾಲಿಡಬ್ಯಾಡ್ರಿ ವಕೀಲ್‌ಸಾಬ್! ನಿಮ್ಮಿಂದ ನಾ ಮಣ್ಣಾದೆ!”

ಮೋಟಾರು ಮುಂದೆ ಸರಿಯಿತು. ಕೈ ಅದರ ಜೊತೆ ಸ್ವಲ್ಪ ದೂರ ಬಂದು ಬಿಟ್ಟಿತು. ವಿರೂಪಾಕ್ಷಪ್ಪ ಧೂಳಿನಲ್ಲಿ ಕತ್ತು ಹೊರಚಾಚಿ ನೋಡಿದ. ದೂರದಲ್ಲಿ ಗ್ಯಾನಮ್ಮ ಹಿಂದಿರುಗಿ ನೋಡಲಿಲ್ಲ. ಆದರೆ ಗಂಡನ ಕೂಗು ಕೇಳಿದ ಮೇಲೆ ಅವಳ ನಡಿಗೆ ನಿಧಾನವಾಗಿತ್ತು, ಕುಂಟುತ್ತ ಬರುವವನು ಬಂದು ಕೂಡಿಕೊಳ್ಳಲೆಂದು.